ಸ್ಪೀಕರಿನ ಬೆನ್ನ ಮೇಲಿನ ಅಂಕಿ

ಪ್ರತಿವಾರ ಮೈಕಿನ ಮುಂದೆ ಕೂತು ಮಾತಾಡುವ ನಾನು ಈ ಸಲ ಆ ಮಾತನ್ನು ನಿಮಗೆ ಕೇಳಿಸುವ ಸ್ಪೀಕರಿನ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಒಂದು ರಾಜ್ಯೋತ್ಸವ.

ಮುಂಬೈಯ ಕನ್ನಡ ಸಂಘವೊಂದರ ಕಾರ್ಯಕ್ರಮಕ್ಕೆ ನಿರೂಪಣೆಗೆಂದು ಹೋಗಿದ್ದೆ. ವಾದ್ಯಗೋಷ್ಠಿ ಚೆನ್ನಾಗಿ ಸಾಗಿತ್ತು. ಮೂರನೇ ಹಾಡಿನ ಹೊತ್ತಿಗೆ ಬೇಸ್ ಗಿಟಾರಿನ ದನಿ ಗೊರಗೊರ ಎಂದಿತು, ಆಮೇಲೆ ನಿಂತೇಹೋಯಿತು. ಹಿಂದೆಯೇ ಸುಟ್ಟ ವಾಸನೆ. ಬೇಸ್ ನುಡಿಸುತ್ತಿದ್ದ ಹುಡುಗನ ಮುಖ ಬಾಡಿತು. ಸಾಲ ಮಾಡಿ ಕೊಂಡ ಆಂಪ್ಲಿಫೈಯರ್ ಅದು. "ಹೋದ ವಾರ ತಾನೇ ಹೊಸ ಸ್ಪೀಕರ್ ಹಾಕಿಸಿದೆ ಸರ್, ಹಳೇದಕ್ಕಿಂತ ಜಾಸ್ತಿ ವ್ಯಾಟಿಂದು" ಎಂದ. ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗೆ ಎರಡು ಸ್ಪೀಕರು. ಹಳೆಯದರ ಬೆನ್ನ ಮೇಲೆ 8 ಓಮ್ ಎಂದಿತ್ತು, ಹೊಸದರ ಮೇಲೆ 4 ಓಮ್. ವ್ಯಾಟ್ ನೋಡಿದ್ದರು, ಓಮ್ ನೋಡಿರಲಿಲ್ಲ.

ಈ ಓಮ್ ಎಂದರೇನು? ತಂತಿಯಲ್ಲಿ ಕರೆಂಟು ಹರಿಯುವಾಗ ಎದುರಾಗುವ ತಡೆಗೆ 1827ರಲ್ಲಿ ನಿಯಮ ಪ್ರಕಟಿಸಿದವರು ಜರ್ಮನಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ಜಾರ್ಜ್ ಓಮ್. ಅಳತೆಗೆ ಅವರದೇ ಹೆಸರು ಬಂತು. ಆದರೆ ಸ್ಪೀಕರಿಗೆ ಬರುವ ಕರೆಂಟು ಒಂದೇ ದಿಕ್ಕಿನದಲ್ಲ, ಹಾಡಿನ ಜೊತೆ ಹಿಂದೆ ಮುಂದೆ ಓಡಾಡುವಂಥದು. ಅಂಥ ಕರೆಂಟಿಗೆ ಎದುರಾಗುವ ಒಟ್ಟು ತಡೆಗೆ 'ಇಂಪಿಡೆನ್ಸ್' ಎಂಬ ಹೆಸರನ್ನು 1886ರಲ್ಲಿ ಕೊಟ್ಟವರು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಸ್ವರ ಬದಲಾದಂತೆ ಇದೂ ಬದಲಾಗುತ್ತದೆ. ಆದ್ದರಿಂದ ಸ್ಪೀಕರಿನ ಮೇಲೆ ಬರೆದಿರುವ 8 ಎಂಬುದು ಒಂದು ಅಂದಾಜು. ಮೀಟರ್ ಹಿಡಿದರೆ ಸುಮಾರು 6 ತೋರಿಸಬಹುದು. ಅಷ್ಟಕ್ಕೇ ಸ್ಪೀಕರ್ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ.

ಬೇಸ್ ಗಿಟಾರಿಗೆ ಈ ಲೆಕ್ಕ ಬಂದದ್ದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯದ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಹೊರತಂದರು. ಅದರ ದನಿ ಹೊರಗೆ ಕೇಳಿಸಲು 1952ರಲ್ಲಿ 'ಬೇಸ್‌ಮನ್' ಎಂಬ ಆಂಪ್ಲಿಫೈಯರ್ ಬಂತು. ಒಳಗೆ 15 ಇಂಚಿನ ಒಂದೇ ಸ್ಪೀಕರು. ಬೇಸಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಸ್ವರ ಅರ್ಧಕ್ಕಿಳಿದರೆ ಅಷ್ಟೇ ಜೋರಾಗಿ ಕೇಳಿಸಲು ಸ್ಪೀಕರಿನ ಕಾಗದದ ಕೋನ್ ನಾಲ್ಕು ಪಟ್ಟು ಓಡಾಡಬೇಕು. ಬೇಸಿನ ಪೆಟ್ಟಿಗೆಯಲ್ಲಿ ಸ್ಪೀಕರಿಗೆ ಬೀಳುವ ದುಡಿಮೆ ಅಂಥದು.

ಭಾರ ಹಂಚಲು ಫೆಂಡರ್ ನಾಲ್ಕು 10 ಇಂಚಿನ ಸ್ಪೀಕರಿಗೆ ಬದಲಾಯಿಸಿದರು. 1950ರ ದಶಕದ ಕೊನೆಯ ಬೇಸ್‌ಮನ್‌ನಲ್ಲಿ 8 ಓಮಿನ ನಾಲ್ಕೂ ಸ್ಪೀಕರುಗಳು ಸಮಾಂತರ ಜೋಡಣೆಯಲ್ಲಿದ್ದವು. ಒಟ್ಟು 2 ಓಮ್. ಟ್ಯಾಂಕಿಗೆ ನಲ್ಲಿ ಹೆಚ್ಚಿಸಿದಷ್ಟೂ ನೀರು ಸಲೀಸಾಗಿ ಹರಿಯುವುದಿಲ್ಲವೇ, ಹಾಗೆ. ಇದೇ ಆಂಪ್ಲಿಫೈಯರಿನ ಸರ್ಕಿಟ್ಟನ್ನು ಆಧರಿಸಿ ಲಂಡನ್ನಿನ ಜಿಮ್ ಮಾರ್ಷಲ್ 1962ರಲ್ಲಿ ತಮ್ಮದನ್ನು ಮಾಡಿಸಿದರು. ಅವರ ಪೆಟ್ಟಿಗೆಯಲ್ಲೂ ನಾಲ್ಕು ಸ್ಪೀಕರು, ಆದರೆ 12 ಇಂಚಿನವು. 16 ಓಮಿನ ಆ ನಾಲ್ಕನ್ನು ಅರ್ಧ ಸರಣಿಯಲ್ಲಿ, ಅರ್ಧ ಸಮಾಂತರದಲ್ಲಿ ಜೋಡಿಸಿದರೆ ಒಟ್ಟೂ 16 ಓಮೇ. ಅಲ್ಲಿ 2, ಇಲ್ಲಿ 16. ಪೆಟ್ಟಿಗೆಯಲ್ಲಿ ಎಷ್ಟು ಸ್ಪೀಕರಿದೆ ಎಂದು ಎಣಿಸಿದರೆ ಸಾಲದು, ಹೇಗೆ ಜೋಡಿಸಿದ್ದಾರೆ ಎಂಬುದನ್ನೂ ನೋಡಬೇಕು.

ಈ ಲೆಕ್ಕದ ದೊಡ್ಡ ಪರೀಕ್ಷೆ ಬಂದದ್ದು 1969ರಲ್ಲಿ. ದೊಡ್ಡ ಮೈದಾನಗಳಲ್ಲಿ ಬೇಸ್ ಕೇಳಿಸಬೇಕಿತ್ತು. ಆಂಪೆಗ್ ಕಂಪನಿ 300 ವ್ಯಾಟಿನ 'ಎಸ್‌ವಿಟಿ' ತಂದಿತು. ಅದೇ ವರ್ಷದ ಅಮೆರಿಕ ಪ್ರವಾಸದಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಅದನ್ನು ಬಳಸಿತು. ಅದರ ಮುಚ್ಚಿದ ಪೆಟ್ಟಿಗೆಯಲ್ಲಿ 10 ಇಂಚಿನ ಎಂಟು ಸ್ಪೀಕರುಗಳು, ಪ್ರತಿಯೊಂದೂ 32 ಓಮ್. ಎಂಟೂ ಸಮಾಂತರವಾದ್ದರಿಂದ ಒಟ್ಟು 4 ಓಮ್. ಸ್ಪೀಕರಿಗೆ ಸುಮಾರು 37 ವ್ಯಾಟಿನಂತೆ ಸಮ ಪಾಲು.

ಇದರಲ್ಲೊಂದು ಸುಟ್ಟಿತು ಎನ್ನಿ. 32 ಓಮಿನದು ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. "ಅಳತೆ ಸರಿಯಾಗಿ ಕೂರುತ್ತೆ, ಹಾಕಿಬಿಡೋಣ" ಎಂದು 8 ಓಮಿನದನ್ನು ಹಾಕಿದರೆ ಒಟ್ಟು 4 ಇದ್ದದ್ದು 2.9 ಓಮಿಗೆ ಇಳಿಯುತ್ತದೆ. ಹೊಸದು ಉಳಿದ ಪ್ರತಿಯೊಂದಕ್ಕಿಂತ ನಾಲ್ಕು ಪಟ್ಟು ಎಳೆದುಕೊಳ್ಳುತ್ತದೆ. ಹನ್ನೊಂದರಲ್ಲಿ ನಾಲ್ಕು ಪಾಲು ಅದಕ್ಕೊಂದಕ್ಕೇ. 300 ವ್ಯಾಟ್ ಬಂದರೆ ಸುಮಾರು 109 ಅದರ ಮೇಲೆ, ಉಳಿದ ಏಳಕ್ಕೆ ತಲಾ 27. ಹೊಸದು ಸುಡುತ್ತದೆ, ಇಲ್ಲವೇ ಅದರ ದನಿಯಲ್ಲಿ ಉಳಿದವು ಮುಳುಗಿಹೋಗುತ್ತವೆ.

ಹಾಗಾದರೆ ಓಮ್ ಸರಿಯಾದರೆ ಸಾಕೇ? ಸಾಲದು ಎಂದು ತೋರಿಸಿದ್ದು ಆಸ್ಟ್ರೇಲಿಯಾದಲ್ಲಿ ನಡೆದ ಕೆಲಸ. ಅಲ್ಲಿನ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಸ್ಪೀಕರೂ ಪೆಟ್ಟಿಗೆಯೊಳಗಿನ ಗಾಳಿಯೂ ಸೇರಿ ಒಂದೇ ವಾದ್ಯದಂತೆ ದುಡಿಯುವುದನ್ನು ಲೆಕ್ಕದಲ್ಲಿ ಹಿಡಿದಿಟ್ಟರು. ಕೋನ್ ಎಷ್ಟು ಬಿಗಿ, ಎಷ್ಟು ತೂಕ, ತಾನಾಗಿ ಯಾವ ಸ್ವರಕ್ಕೆ ಅನುರಣಿಸುತ್ತದೆ, ಪೆಟ್ಟಿಗೆ ಎಷ್ಟು ಲೀಟರಿನದು, ಎಲ್ಲವೂ ಹೊಂದಬೇಕು. ಗಿಟಾರಿಗೆಂದು ಮಾಡಿದ ಬಿಗಿ ಕೋನಿನ ಸ್ಪೀಕರು ಬೇಸಿನ ಪೆಟ್ಟಿಗೆಯಲ್ಲಿ ಓಮ್ ಸರಿಯಿದ್ದರೂ ಸೋಲುವುದು ಇದಕ್ಕೇ.

ನಮ್ಮ ಹುಡುಗನ ಪೆಟ್ಟಿಗೆಗೆ ಬರೋಣ. 8 ಓಮಿನ ಎರಡು ಸಮಾಂತರವಾಗಿದ್ದಾಗ ಒಟ್ಟು 4 ಇತ್ತು. ಅವನ ಟ್ರಾನ್ಸಿಸ್ಟರ್ ಆಂಪ್ಲಿಫೈಯರು ತಡೆಯಬಲ್ಲ ಕನಿಷ್ಠವೂ ಅಷ್ಟೇ. 4 ಓಮಿನದನ್ನು ಹಾಕಿದ ಮೇಲೆ ಒಟ್ಟು 2.7ಕ್ಕೆ ಇಳಿಯಿತು. ಕರೆಂಟು ಮಿತಿ ಮೀರಿ ಹರಿದು ಟ್ರಾನ್ಸಿಸ್ಟರುಗಳು ಬೆಂದವು. ಹೆಚ್ಚು ವ್ಯಾಟಿನ ಸ್ಪೀಕರು ಅದನ್ನು ತಪ್ಪಿಸಲಾರದು. ವ್ಯಾಟ್ ಎಂದರೆ ಸ್ಪೀಕರು ಎಷ್ಟು ತಡೆಯುತ್ತದೆ ಎಂಬುದು. ಆಂಪ್ಲಿಫೈಯರಿನಿಂದ ಎಷ್ಟು ಎಳೆಯುತ್ತದೆ ಎಂದು ಹೇಳುವುದು ಓಮ್.

ನಮ್ಮ ಸಂಘಗಳಲ್ಲಿ ವಾದ್ಯ, ಪೆಟ್ಟಿಗೆ ಎಲ್ಲ ಹುಡುಗರ ಸ್ವಂತ ದುಡ್ಡಿನವು. ಆದ್ದರಿಂದ ಒಂದು ಮನವಿ. ಸ್ಪೀಕರು ಬದಲಾಯಿಸುವ ಮೊದಲು ಹಳೆಯದರ ಬೆನ್ನ ಮೇಲಿನ ಓಮ್ ಬರೆದುಕೊಳ್ಳಿ, ತಂತಿ ಹೇಗೆ ಜೋಡಿಸಿದೆ ಎಂದು ಫೋಟೋ ತೆಗೆದಿಡಿ, ಆಂಪ್ಲಿಫೈಯರಿನ ಹಿಂದೆ ಬರೆದ ಕನಿಷ್ಠ ಓಮ್ ನೋಡಿ. ಹುಡುಗ ಈಗ ಆಂಪ್ಲಿಫೈಯರ್ ರಿಪೇರಿ ಮಾಡಿಸಿ, ಎರಡೂ ಸ್ಪೀಕರು ಒಂದೇ ಮಾದರಿಯವನ್ನು ಹಾಕಿಸಿದ್ದಾನೆ. ಸಾಲದ ಕಂತು ಮಾತ್ರ ಇನ್ನೂ ಇದೆ.

ಮುಂದಿನ ವಾರ ಬಾನುಲಿಯಲ್ಲಿ ಸಿಗೋಣ. ಹಾಡು ಕೇಳುವಾಗ ಕೆಳಗಿನಿಂದ ಬರುವ ಆ ದನಿಗೂ ಸ್ವಲ್ಪ ಕಿವಿಗೊಡಿ.