ಸೇತುವೆಯ ಕೆಳಗೆ ಕಲಸಿದ ಸಿಮೆಂಟು

1990ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಬರ್ನ್‌ಸೈಡ್ ಸೇತುವೆಯ ಕೆಳಗೆ ಕೆಲವು ಯುವಕರು ಸಿಮೆಂಟು ಕಲಸತೊಡಗಿದರು. ಮಳೆ ಹೆಚ್ಚಿರುವ ಆ ಊರಿನಲ್ಲಿ ಸ್ಕೇಟ್‌ಬೋರ್ಡ್ ಆಡಲು ಅವರಿಗೆ ನೆನೆಯದ ಜಾಗ ಬೇಕಿತ್ತು. ಪರವಾನಗಿ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಗೋಡೆಗೆ ಒರಗಿಸಿ ಒಂದು ಇಳಿಜಾರು ಕಟ್ಟಿದರು, ಅದರ ಪಕ್ಕ ಇನ್ನೊಂದು. ಹೀಗೆ ಕೈಗೆ ಬಂದಂತೆ ಒಂದು ಸ್ಕೇಟ್‌ಪಾರ್ಕ್ ಬೆಳೆಯಿತು.

ನಗರಾಡಳಿತ ಅದನ್ನು ಕೆಡವಬಹುದಿತ್ತು. ಆದರೆ ಪಾಳುಬಿದ್ದ ಜಾಗಕ್ಕೆ ಜನರ ಓಡಾಟ ಬಂದದ್ದನ್ನು ಕಂಡ ಸುತ್ತಲಿನ ವ್ಯಾಪಾರಿಗಳು ಯುವಕರ ಪರ ನಿಂತರು. ಕೊನೆಗೆ ಒಪ್ಪಿಗೆಯೂ ಸಿಕ್ಕಿತು.

ಮುಂದೆ ನಗರವೇ ಯೋಜನೆ ಮಾಡಿತು. 2008ರ ಆ ಯೋಜನೆಯಲ್ಲಿ 19 ತಾಣಗಳಿದ್ದವು: ಬಡಾವಣೆಗಳಿಗೆ 13 ಚಿಕ್ಕವು, ದೊಡ್ಡ ಪ್ರದೇಶಗಳಿಗೆ 5 ಮಧ್ಯಮ ಗಾತ್ರದವು, ಇಡೀ ಊರಿಗೆ ಒಂದು ದೊಡ್ಡದು. ದೂರದ ಬಡಾವಣೆಯ ಮಗುವಿಗೂ ಆಟದ ಜಾಗ ಹತ್ತಿರವಿರಬೇಕೆಂಬುದು ಅದರ ಲೆಕ್ಕ. ಲೆಕ್ಕ ಸರಿಯಿತ್ತು, ಹಣ ಸಾಲಲಿಲ್ಲ. ಹದಿನೈದು ವರ್ಷ ಕಳೆದರೂ ಹೆಚ್ಚಿನವು ಕಾಗದದಲ್ಲೇ ಉಳಿದವು.

ಬೆಳೆಯುವ ನಗರ ರಸ್ತೆಗೆ ಮೊದಲು ಜಾಗ ಬಿಡುತ್ತದೆ, ಆಟಕ್ಕೆ ಉಳಿದದ್ದನ್ನು ಕೊಡುತ್ತದೆ. ಬರ್ನ್‌ಸೈಡಿನವರು ಆ ಉಳಿದದ್ದನ್ನೇ ಬಳಸಿದರು. ಅಲ್ಲಿ ಕೈ ಪಳಗಿಸಿಕೊಂಡ ಕೆಲವರು ಮುಂದೆ ಸ್ಕೇಟ್‌ಪಾರ್ಕ್ ಕಟ್ಟುವ ಗುತ್ತಿಗೆದಾರರಾದರು. ಒಂದು ಕಾಲಕ್ಕೆ ಅಪ್ಪಣೆ ಕೇಳದೆ ಕಟ್ಟಿದವರನ್ನು ಊರೂರಿನ ನಗರಾಡಳಿತಗಳೇ ಕರೆದು ಕೆಲಸ ಒಪ್ಪಿಸಿದವು.