ಅಕ್ಷರವೂ ನಗುತ್ತದೆಯೇ?

ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡಾಗ ಶ್ರದ್ಧಾಂಜಲಿ ಸಭೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಟೈಪು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಂಪ್ಯೂಟರಿನಲ್ಲಿ ಹುಡುಕಿ, ದುಂಡಗೆ ಮುದ್ದಾಗಿದ್ದ ಒಂದು ಅಕ್ಷರವನ್ನು ಆರಿಸಿದೆ. ಮಗಳು ನೋಡಿದವಳೇ, "ಅಯ್ಯೋ ಅಮ್ಮಾ, ಇದು ಕಾಮಿಕ್ ಸಾನ್ಸ್! ಸಾವಿನ ಸುದ್ದೀನ ಯಾರಾದ್ರೂ ನಗ್ತಾ ಹೇಳ್ತಾರಾ?" ಎಂದಳು. ಆ ಮನೆಯಾಕೆ ಇದನ್ನು ಓದಿದ್ದರೆ ಎಷ್ಟು ನೊಂದುಕೊಳ್ಳುತ್ತಿದ್ದರೋ ಎಂದು ನಾಚಿಕೆಯಾಯಿತು. ಜೊತೆಗೆ, ಅಕ್ಷರವೂ ನಗುತ್ತದೆಯೇ ಎಂಬ ಕುತೂಹಲವೂ ಹುಟ್ಟಿತು.

ಈ ಅಕ್ಷರ ಹುಟ್ಟಿದ್ದು 1994ರಲ್ಲಿ, ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯಲ್ಲಿ. ಕಂಪ್ಯೂಟರಿಗೆ ಹೊಸಬರಾದವರಿಗಾಗಿ ಅಲ್ಲಿ 'ಬಾಬ್' ಎಂಬ ತಂತ್ರಾಂಶ ಸಿದ್ಧವಾಗುತ್ತಿತ್ತು. ಅದರಲ್ಲೊಂದು ಚಿತ್ರದ ನಾಯಿ ಬಳಸುವವರಿಗೆ ದಾರಿ ತೋರಿಸುತ್ತಿತ್ತು. ಆದರೆ ಅದರ ಮಾತು ಮೂಡುತ್ತಿದ್ದದ್ದು ಟೈಮ್ಸ್ ನ್ಯೂ ರೋಮನ್ ಎಂಬ ಗಂಭೀರ ಅಕ್ಷರದಲ್ಲಿ. ನಾಯಿ ಕೋರ್ಟಿನ ಗುಮಾಸ್ತನಂತೆ ಮಾತಾಡಿದರೆ ಹೇಗಿರುತ್ತದೆ, ಹೇಳಿ! ಅಕ್ಷರ ವಿನ್ಯಾಸಕ ವಿನ್ಸೆಂಟ್ ಕೊನೇರ್ ಅವರಿಗೆ ಇದು ಸರಿಕಾಣಲಿಲ್ಲ. ತಮ್ಮ ಕಚೇರಿಯಲ್ಲಿದ್ದ ಬ್ಯಾಟ್‌ಮನ್, ವಾಚ್‌ಮೆನ್ ಚಿತ್ರಕಥೆಗಳ ಕೈಬರಹವನ್ನು ನೋಡಿ ಹೊಸ ಅಕ್ಷರ ಬಿಡಿಸಿದರು. ಅಕ್ಷರದ ತುದಿಗಳಿಗೆ ಅಲಂಕಾರದ ಅಡ್ಡಗೆರೆಗಳಿಲ್ಲ, ಗೆರೆಗಳು ಹೆಚ್ಚುಕಡಿಮೆ ಒಂದೇ ದಪ್ಪ, ತುದಿ ದುಂಡಗೆ. ಮಗು ಶಾಲೆಯಲ್ಲಿ ತಿದ್ದಿದಂತೆಯೇ.

ಬಾಬ್ ಹೊರಬರುವ ಹೊತ್ತಿಗೆ ಅದು ಒದಗಲಿಲ್ಲ. ವಿಂಡೋಸ್ 95ರ ಜೊತೆ ಬಂದ 'ಪ್ಲಸ್' ಎಂಬ ಪ್ಯಾಕಿನಲ್ಲಿ ಸೇರಿ ಮನೆಮನೆಗೆ ಹೋಯಿತು. ಹುಟ್ಟುಹಬ್ಬದ ಕರೆಯೋಲೆಯಿಂದ ಆಸ್ಪತ್ರೆಯ ಸೂಚನೆಯವರೆಗೆ ಎಲ್ಲೆಲ್ಲೂ ಅದೇ. ಬೇಸತ್ತ ಅಮೆರಿಕದ ವಿನ್ಯಾಸಕ ದಂಪತಿ ಹಾಲಿ ಮತ್ತು ಡೇವ್ ಕೂಂಬ್ಸ್ 1999ರಲ್ಲಿ ಅದನ್ನು ನಿಷೇಧಿಸಬೇಕೆಂದು ಚಳವಳಿಯನ್ನೇ ಹೂಡಿದರು. 2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಕಣದ ಸುದ್ದಿಯನ್ನು ವಿಜ್ಞಾನಿ ಫಾಬಿಯೋಲಾ ಜನೊಟ್ಟಿ ಇದೇ ಅಕ್ಷರದಲ್ಲಿ ತೋರಿಸಿದರು. ಎಷ್ಟೋ ಜನ ಕಣವನ್ನು ಬಿಟ್ಟು ಅಕ್ಷರವನ್ನೇ ಹಿಡಿದುಕೊಂಡು ನಕ್ಕರು!

ಆದರೆ ನಗುವ ಮುನ್ನ ಇನ್ನೊಂದು ಮಾತು. ಓದಲು ತಡವರಿಸುವ ಡಿಸ್ಲೆಕ್ಸಿಯಾ ಇರುವವರಿಗೆ ಇದು ಒಗ್ಗುತ್ತದೆಂದು ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಘ ತಾನು ಸಲಹೆ ಮಾಡುವ ಅಕ್ಷರಗಳಲ್ಲಿ ಇದನ್ನೂ ಸೇರಿಸಿದೆ. ಅಂಥ ಮಗುವಿನ ತಾಯಿಗೆ ವಿನ್ಯಾಸಕರ ಮೂಗುಮುರಿತದಿಂದ ಆಗಬೇಕಾದ್ದೇನು?

ಹೂವಿನ ಚಿತ್ತಾರದ ಸೀರೆಯುಟ್ಟು ಯಾರೂ ಸಾವಿನ ಮನೆಗೆ ಹೋಗುವುದಿಲ್ಲ. ಹಾಗೆಂದು ಆ ಸೀರೆಯನ್ನು ಸುಡುವುದೂ ಇಲ್ಲ. ಅಕ್ಷರ ಬದಲಿಸಿ ಸೂಚನೆ ಅಂಟಿಸಿ ಬಂದೆ. ಕೆಟ್ಟ ಪ್ರತಿಯ ಹಿಂಬದಿಯಲ್ಲಿ ಈಗ ನಮ್ಮ ಹಾಲಿನ ಲೆಕ್ಕವಿದೆ, ನನ್ನ ಸೊಟ್ಟ ಕೈಬರಹದಲ್ಲಿ.