ರೇಷ್ಮೆ ಹುಳುಮನೆಯ ಸೆನ್ಸರಿಗೆ ಡೇಟಾ ತಂತಿಯಿಂದ ನುಸುಳುವ ವಿದ್ಯುತ್: ದೋಷ ಹುಡುಕುವ ಬಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಬೆಳೆಗಾರರಿಗೆ ಹುಳುಮನೆಯ ಹವೆಯೇ ಬೆಳೆಯನ್ನು ನಿರ್ಧರಿಸುತ್ತದೆ. ಚಾಕಿ, ಅಂದರೆ ಎಳೆಯ, ಹುಳುವಿಗೆ 27–28 ಡಿಗ್ರಿ ಸೆಲ್ಸಿಯಸ್ ಶಾಖ, ಶೇ 85–90 ತೇವಾಂಶ ಬೇಕು. ಐದನೇ ಹಂತಕ್ಕೆ ಬರುವಾಗ ಅದು 23–24 ಡಿಗ್ರಿಗೂ ಶೇ 65–70ಕ್ಕೂ ಇಳಿಯಬೇಕು. ಆಗ ತೇವ ಹೆಚ್ಚಿದರೆ ಸುಣ್ಣಕಟ್ಟು ರೋಗಕ್ಕೆ ದಾರಿಯಾಗುತ್ತದೆ. ಇಎಸ್‌ಪಿ32ರಂಥ ಅಗ್ಗದ ಬೋರ್ಡಿಗೆ ಸೆನ್ಸರ್ ಜೋಡಿಸಿ, ರಿಲೇ ಮೂಲಕ ಹೀಟರ್, ಫಾಗರ್ ನಡೆಸುವುದು ಈಗ ಕಷ್ಟದ ಕೆಲಸವಲ್ಲ. ಸೆನ್ಸರ್ ಪೂರ್ತಿ ಕೆಟ್ಟರೆ ಕೂಡಲೇ ತಿಳಿಯುತ್ತದೆ. ಅರೆಜೀವದಲ್ಲಿದ್ದು ತಪ್ಪು ಅಂಕಿ ಕೊಡುತ್ತಿದ್ದರೆ ತಿಳಿಯುವುದು ಹುಳು ಸೊಪ್ಪು ಬಿಟ್ಟ ಮೇಲೆಯೇ. ಈ ಅರೆಜೀವಕ್ಕೆ ಒಂದು ಮುಖ್ಯ ಕಾರಣವನ್ನು, ಅಂದರೆ ಡೇಟಾ ತಂತಿಯ ಮೂಲಕ ಹರಿಯುವ ಬೇಡದ ವಿದ್ಯುತ್ತನ್ನು, ಇಲ್ಲಿ ಪರಿಶೀಲಿಸಿದೆ.

ಕಂಟ್ರೋಲರ್ ಬ್ಯಾಟರಿಯ ಮೇಲೆ, ಸೆನ್ಸರ್ ಬೋರ್ಡು ಅಡಾಪ್ಟರ್ ಮೇಲೆ ಇದೆಯೆನ್ನೋಣ. ಕರೆಂಟ್ ಹೋದಾಗ ಒಂದು ಎಚ್ಚರವಾಗಿರುತ್ತದೆ, ಇನ್ನೊಂದು ಆರಬೇಕು. ಆದರೆ ಆರುವುದಿಲ್ಲ. ಹೆಚ್ಚಿನ ಚಿಪ್‌ಗಳಲ್ಲಿ ಪ್ರತಿ ಡೇಟಾ ಪಿನ್ನಿನಿಂದ ಸಪ್ಲೈ ಪಿನ್ನಿಗೆ ಒಂದು ರಕ್ಷಣಾ ಡಯೋಡ್ ಇರುತ್ತದೆ. ಸಪ್ಲೈ ಸೊನ್ನೆಗೆ ಇಳಿದು ಡೇಟಾ ತಂತಿ 3.3 ವೋಲ್ಟಿನಲ್ಲೇ ನಿಂತರೆ, ಆ ಡಯೋಡಿನ ಮೂಲಕ ಚಿಪ್‌ಗೆ ವಿದ್ಯುತ್ ಸಿಗುತ್ತಲೇ ಇರುತ್ತದೆ.

ಎಸ್‌ಎಚ್‌ಟಿ31 ಸೆನ್ಸರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕಂಟ್ರೋಲರ್ ಬದಿಯಲ್ಲಿ, ಐ2ಸಿ ಡೇಟಾ ಸಂಪರ್ಕದ ಎರಡೂ ತಂತಿಗೆ, ತಂತಿಯನ್ನು 3.3 ವೋಲ್ಟಿಗೆ ಎಳೆದು ಹಿಡಿಯುವ 4.7 ಕಿಲೋ ಓಮ್‌ನ ಪುಲ್‌ಅಪ್ ರೆಸಿಸ್ಟರ್ ಇದ್ದರೆ, ಎರಡೂ ಸಮಾನಾಂತರವಾಗಿ ಸೇರಿ ಒಟ್ಟು ತಡೆ 2.35 ಕಿಲೋ ಓಮ್. ಡಯೋಡಿನಲ್ಲಿ ಸುಮಾರು 0.5 ವೋಲ್ಟ್ ಕಳೆದರೆ, ಸುಮ್ಮನಿರುವ ಸೆನ್ಸರಿನ ಸಪ್ಲೈ ಪಿನ್ನಿನಲ್ಲಿ 2.8 ವೋಲ್ಟ್ ಉಳಿಯುತ್ತದೆ. ಅದರ ಕನಿಷ್ಠ ಮಿತಿ 2.15 ವೋಲ್ಟ್, ಹಾಗಾಗಿ ರೀಸೆಟ್ ಆಗುವುದೇ ಇಲ್ಲ. ಅಳತೆಗೆ ಹೊರಟ ಕ್ಷಣ 600 ಮೈಕ್ರೋ ಆಂಪಿಯರ್ ಬೇಕು. ಆಗ 1.4 ವೋಲ್ಟ್ ಕುಸಿದು ಉಳಿಯುವುದೂ 1.4 ವೋಲ್ಟೇ. ಅದು ಕನಿಷ್ಠ ಮಿತಿಗಿಂತ ಕಡಿಮೆ, ಹಾಗಾಗಿ ಅಳತೆಯನ್ನು ನಂಬುವಂತಿಲ್ಲ. ಡೇಟಾ ಜೊತೆ ಬರುವ ತಪ್ಪು-ಪರೀಕ್ಷಾ ಸಂಕೇತ ಸಿಆರ್‌ಸಿ ಸರಿಯಿದ್ದರೆ ಅಂಕಿಯೂ ಸರಿ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಅದು ಪರೀಕ್ಷಿಸುವುದು ರವಾನೆಯನ್ನು, ಅಳತೆಯನ್ನಲ್ಲ.

ಶಾಖ ಅಳೆಯುವ ಡಿಎಸ್18ಬಿ20 ಸೆನ್ಸರಿನ ಮಾತು ಬೇರೆ. ಡೇಟಾ ತಂತಿಯಿಂದಲೇ ವಿದ್ಯುತ್ ಪಡೆಯುವ ವ್ಯವಸ್ಥೆ ಅದರ ವಿನ್ಯಾಸದಲ್ಲೇ ಇದೆ. ಆದರೂ ಅಳೆಯುವ 750 ಮಿಲಿಸೆಕೆಂಡಿನಲ್ಲಿ ಗಟ್ಟಿ ಪೂರೈಕೆ ಇಲ್ಲದಿದ್ದರೆ ಅದು 85 ಡಿಗ್ರಿ ಎನ್ನುತ್ತದೆ. ಅದು ಶಾಖದ ಅಳತೆಯಲ್ಲ, ಚಿಪ್ ಎದ್ದಾಗಿನ ಆರಂಭದ ಮೌಲ್ಯ.

ಹುಳುಮನೆಗೇ ವಿಶೇಷವಾದ ತೊಂದರೆ ಇನ್ನೊಂದಿದೆ. ಶೇ 2ರ ಬ್ಲೀಚಿಂಗ್ ಪೌಡರಿಗೆ ಶೇ 0.3ರ ಸುಣ್ಣ ಬೆರೆಸಿದ ದ್ರಾವಣದಿಂದ ಮನೆ ತೊಳೆಯುವುದು ವಾಡಿಕೆ. ಕ್ಲೋರಿನ್, ತೇವ ಎರಡೂ ಸೇರಿ ಟರ್ಮಿನಲ್ ತಿನ್ನುತ್ತವೆ. ಇದರಿಂದ ಗ್ರೌಂಡ್ ತಂತಿ ಸಡಿಲವಾದರೆ ಮರಳುವ ವಿದ್ಯುತ್ ಡೇಟಾ ತಂತಿಯನ್ನೇ ಹಿಡಿಯುತ್ತದೆ. ಸೆನ್ಸರ್ ಬದಲಿಸುವ ಮುನ್ನ ಎರಡೂ ಬೋರ್ಡುಗಳ ಗ್ರೌಂಡ್ ನಡುವೆ ಮಲ್ಟಿಮೀಟರ್ ಇಡಬೇಕು. ಕೆಲವು ಮಿಲಿವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಅಲ್ಲಿದೆ.

ಸಾಮಾನ್ಯವಾಗಿ ವ್ಯವಸ್ಥೆ ಚಾಲೂ ಇರುವಾಗ ಅಳೆಯುತ್ತಾರೆ. ಡೇಟಾ ತಂತಿಯಿಂದ ನುಸುಳುವ ವಿದ್ಯುತ್ತಿನ ದೋಷ ಸಿಗುವುದು ಸೆನ್ಸರ್ ಆರಿರಬೇಕಾದ ಸ್ಥಿತಿಯಲ್ಲಿ. ಸೆನ್ಸರಿನ ಸಪ್ಲೈ ತಂತಿಯೊಂದನ್ನೇ ಬಿಚ್ಚಿ, ಸಪ್ಲೈ ಪಿನ್ನಿಗೂ ಗ್ರೌಂಡಿಗೂ ನಡುವೆ 10 ಕಿಲೋ ಓಮ್ ರೆಸಿಸ್ಟರ್ ಹಾಕಿ ನೋಡಬೇಕು. ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಆದರೆ ಬೇಗ ಸೊನ್ನೆಗಿಳಿಯುತ್ತದೆ. ಮೇಲಿನ ಲೆಕ್ಕದ ಪ್ರಕಾರ 2.3 ವೋಲ್ಟಿನ ಆಸುಪಾಸಿನಲ್ಲಿ ನಿಂತರೆ ನಿಜವಾದ ಹರಿವಿದೆ. ಒಂದೇ ಡೇಟಾ ತಂತಿ ಬಿಚ್ಚಿ ತೀರ್ಮಾನಕ್ಕೆ ಬರಬಾರದು, ಇನ್ನೊಂದು ತಂತಿ ಚಿಪ್ ಅನ್ನು ಎತ್ತಿ ಹಿಡಿದೇ ಇರುತ್ತದೆ.

ಪರಿಹಾರದಲ್ಲಿ ಟ್ರಾನ್ಸಿಸ್ಟರಿನಿಂದ ಸೆನ್ಸರಿನ ಗ್ರೌಂಡ್ ಕತ್ತರಿಸುವ ಅಭ್ಯಾಸವನ್ನು ಮೊದಲು ಬಿಡಬೇಕು. ಗ್ರೌಂಡ್ ಕತ್ತರಿಸಿದರೆ ಡೇಟಾ ತಂತಿಯೇ ಮರಳುವ ದಾರಿಯಾಗುತ್ತದೆ. ಕತ್ತರಿಸಬೇಕಾದದ್ದು ಸಪ್ಲೈ ಬದಿಯನ್ನು. ಕಂಟ್ರೋಲರಿನ ಡೇಟಾ ಪಿನ್‌ಗಳನ್ನು ಲೋ ಮಾಡಿದರೂ ಹರಿವು ನಿಲ್ಲುತ್ತದೆ, ಆದರೆ ಎರಡು ಪುಲ್‌ಅಪ್‌ಗಳಲ್ಲಿ 1.4 ಮಿಲಿ ಆಂಪಿಯರ್ ವ್ಯರ್ಥವಾಗುತ್ತದೆ. ಬ್ಯಾಟರಿಗೆ ಅದು ಸಣ್ಣ ಹೊರೆಯಲ್ಲ. ಪುಲ್‌ಅಪ್‌ಗಳನ್ನು ಸೆನ್ಸರಿನ ಸಪ್ಲೈಗೇ ವರ್ಗಾಯಿಸಿ, ಕಂಟ್ರೋಲರ್ ಪಿನ್‌ಗಳನ್ನು ಇನ್‌ಪುಟ್ ಆಗಿ ಬಿಟ್ಟು, ಒಳಗಿನ ಪುಲ್‌ಅಪ್ ಕೂಡ ತೆಗೆದುಹಾಕುವುದು ಮೇಲು. ಕರೆಂಟ್ ಬಂದ ಮೇಲೆ ಸೆನ್ಸರನ್ನು ರೀಸೆಟ್ ಮಾಡಿ, ಮೊದಲ ಅಳತೆಗಳನ್ನು ಬಿಟ್ಟು, ನಂತರವೇ ರಿಲೇಗೆ ಆಜ್ಞೆ ಕೊಡಬೇಕು.